ಎಡಗಾಲಿನ ಮೂರು ಬೊಟ್ಟು

ಮಸ್ಕಿ ಸ್ಟ್ಯಾಂಡು ಬಿಟ್ಟ ಬಸ್ಸು ಇನ್ನೂ ಊರು ದಾಟಿರಲಿಲ್ಲ. ಕಂಡಕ್ಟರ್ ಪಂಪಾವತಿ ಹಿಂದಿನ ಸೀಟಿನವನಿಗೆ ಲಿಂಗಸುಗೂರಿನ ಟಿಕೆಟ್ ಕೊಟ್ಟು, ಮುಂದಕ್ಕೆ ಸರಿಯದೆ ಅಲ್ಲೇ ಕಂಬ ಹಿಡಿದು ನಿಂತಳು.

“ಯಣ್ಣಾ, ಯಾವೂರಾತು ನಿಮ್ದು?”

“ಪಾಮನಕಲ್ಲೂರ್ರಿ.”

“ಸಣ್ಣಾಂವ ಇದ್ದಾಗ ಕಾಮಣಿ ಆಗಿತ್ತೇನ್ರಿ ನಿಮಗ?”

ಮೂವತ್ತರ ಆಸುಪಾಸಿನ ಆ ಮನುಷ್ಯ ಅಕ್ಕಪಕ್ಕ ನೋಡಿದ. ಟಿಕೆಟ್ಟಿಗೂ ಕಾಮಾಲೆ ರೋಗಕ್ಕೂ ಏನು ಸಂಬಂಧವೋ ಅವನಿಗೆ ಹೊಳೆಯಲಿಲ್ಲ. “ಆಗಿತ್ತಂತ ನಮ್ಮವ್ವ ಅಂತಿರ್ತಾಳ. ಯಾಕ್ರಿ ಮೇಡಂ?”

“ಹಂಗಾರ ಎಡಗಾಲಿನ ಪ್ಯಾಂಟು ಒಂಚೂರು ಮ್ಯಾಲ ಏರಿಸ್ರಿ.”

ಬಸ್ಸಿನ ತುಂಬ ತಲೆಗಳು ಇತ್ತ ತಿರುಗಿದವು. ಶೇಂಗಾ ಸುಲಿಯುತ್ತಿದ್ದ ಮುದುಕಿ ಕೂಡ ಕೈ ತಡೆದು ಹಿಂದಿರುಗಿ ನೋಡಿದಳು. ಡ್ರೈವರ್ ಕರೀಂಸಾಬ್ ಎದುರಿನ ಕನ್ನಡಿಯಲ್ಲಿ ಎಲ್ಲ ಕಂಡವನೇ ಕೂಗಿದ.

“ಏರಿಸಪಾ ಏರಿಸು, ನಾಚಬ್ಯಾಡ! ಈ ಬಸ್ಸಿನ್ಯಾಗ ಟಿಕೀಟು ಇಲ್ಲಂದ್ರೂ ಹ್ಯಾಂಗರ ಪಾರಾಗಬಹುದು. ಕಾಲು ತೋರಿಸಲಿಲ್ಲಂದ್ರ ಅಡವ್ಯಾಗ ಇಳಿಸಿಬಿಡ್ತಾಳ ನಮ್ಮಕ್ಕ!”

ಬಸ್ಸು ನಕ್ಕಿತು. ಆ ನಗೆಯ ನಡುವೆ ಆತ ಪ್ಯಾಂಟು ಸುತ್ತಿದ. ಮೊಣಕಾಲಿನ ಕೆಳಗೆ, ಒಳಮಗ್ಗುಲಿಗೆ, ತೊಗರಿ ಬೇಳೆಯಷ್ಟು ಅಗಲದ ಮೂರು ನುಣುಪು ಗುರುತು. ಮೇಲೊಂದು, ಕೆಳಗೆರಡು, ಒಲೆಯ ಮೂರು ಗುಂಡು ಇಟ್ಟ ಹಾಗೆ. ಪಂಪಾವತಿಯ ಮುಖ ಅರಳಿತು.

“ಮೊಣಕಾಲು ನೋಯ್ತಾವೇನ್ರಿ?”

“ಇಲ್ರಿ. ದಿನಾ ಹೊಲಕ್ಕ ನಡಕೊಂಡ ಹೋಗಿ ಬರ್ತೀನಿ.”

“ಛಲೋ ಆತು ನೋಡ್ರಿ,” ಎಂದು ಅವಳು ಮೊಬೈಲಿನಲ್ಲಿ ಆ ಕಾಲಿನ ಫೋಟೊ ಹಿಡಿದು, ಹೆಸರು ನಂಬರು ಬರೆದುಕೊಂಡು, ಶೀಟಿ ಊದಿ ಮುಂದಿನ ಸ್ಟಾಪಿನವರನ್ನು ಇಳಿಸಲು ಹೋದಳು.

ಈ ಹುಚ್ಚು ಅವಳಿಗೆ ಹತ್ತಿದ್ದು ಮಗ ನಿಂಗರಾಜನ ಸಲುವಾಗಿ. ಕೊರೋನಾ ಬರುವ ಹಿಂದಿನ ವರ್ಷ ನಿಂಗರಾಜ ಮಿಲಿಟರಿ ಭರ್ತಿಯಲ್ಲಿ ಪಾಸಾಗಿ ತರಬೇತಿಗೆ ಹೋಗಿದ್ದ. ಸಿಂಧನೂರಿನ ಅವರ ಓಣಿಯಿಂದ ಮಿಲಿಟರಿಗೆ ಹೋದವನು ಅವನೇ ಮೊದಲಿಗ. ತರಬೇತಿಯಲ್ಲಿ ಹಳ್ಳ ಹಾರುವಾಗ ಎಡಗಾಲು ತಿರುಚಿ ಮೊಣಕಾಲಿನೊಳಗೆ ಏನೋ ಹರಿಯಿತು. ಆಪರೇಷನ್ ಆದ ಮೇಲೆ ಕಾಲು ನಡೆಯುವ ಕಾಲಾಯಿತೇ ಹೊರತು ಭಾರ ಹೊತ್ತು ಓಡುವ ಕಾಲಾಗಲಿಲ್ಲ. ಪ್ರಮಾಣ ಮಾಡಿ ಪೂರ್ತಿ ಸಿಪಾಯಿಯಾಗುವ ಪರೇಡು ಬರುವ ಮೊದಲೇ ಡಾಕ್ಟರರ ಬೋರ್ಡು ಅವನನ್ನು ಮನೆಗೆ ಕಳಿಸಿತು.

ಅಷ್ಟೇ ಆಗಿದ್ದರೆ ಪಂಪಾವತಿ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದಳು. ಬಿಡುಗಡೆಯ ಕಾಗದದಲ್ಲಿ ಇನ್ನೊಂದು ಮಾತಿತ್ತು: ಮೊಣಕಾಲಿನ ಕಾಯಿಲೆ ಬಾಲ್ಯದಿಂದ ಇದ್ದದ್ದು, ಭರ್ತಿಯ ಹೊತ್ತಿಗೆ ಮುಚ್ಚಿಟ್ಟದ್ದು, ಸೇವೆಗೆ ಸಂಬಂಧವಿಲ್ಲದ್ದು. ಅದಕ್ಕೆ ಆಧಾರವಾಗಿ ಅವರು ಕಂಡದ್ದು ಅವನ ಕಾಲಿನ ಮೂರು ಬರೆಗಳನ್ನು. ಆಸ್ಪತ್ರೆಯಲ್ಲಿ ಡಾಕ್ಟರು ಇದೇನು ಎಂದು ಕೇಳಿದಾಗ ನಿಂಗರಾಜ ತನಗೆ ಗೊತ್ತಿದ್ದಷ್ಟು ಹೇಳಿದ್ದ. ಕೂಸಿದ್ದಾಗ ಯಾವುದೋ ಬ್ಯಾನೆಗೆ ಬರೆ ಹಾಕಿಸಿದ್ದರಂತೆ, ಯಾವ ಬ್ಯಾನೆಯೋ ಕೇಳಿಕೊಂಡಿಲ್ಲ. ದೂರದ ಸೀಮೆಯ ಆ ಡಾಕ್ಟರಿಗೆ ಮೊಣಕಾಲಿನ ಹತ್ತಿರದ ಬರೆ ಮೊಣಕಾಲಿನ ನೋವಿಗೇ ಹಾಕಿದ್ದಿರಬೇಕು ಅನ್ನಿಸಿತು. ಯಾರಿಗಾದರೂ ಹಾಗೇ ಅನ್ನಿಸಬೇಕು. ಕಾಮಣಿಯಾಗಿ ಮೈ ಹಳದಿಗಟ್ಟಿದ ಕೂಸಿಗೆ ಕಾಲಿನ ಮೇಲೆ ಬರೆ ಹಾಕುತ್ತಾರೆ ಎನ್ನುವುದು ಪಾಮನಕಲ್ಲೂರಿನ ಸುತ್ತಿನ ಹಳ್ಳಿಗಳನ್ನು ಬಿಟ್ಟರೆ ಯಾರಿಗೆ ಗೊತ್ತು?

ನಿಂಗರಾಜ ಊರಿಗೆ ಬಂದು ಅಕ್ಕಿ ಗಿರಣಿಯೊಂದರ ವೇಬ್ರಿಜ್‌ನಲ್ಲಿ ಕೆಲಸಕ್ಕೆ ನಿಂತ. ಭತ್ತದ ಲಾರಿಗಳ ತೂಕ ಹಾಕುತ್ತಿದ್ದ, ಚೆನ್ನಾಗಿಯೇ ಇದ್ದ. ಸಂಜೆ ಮನೆಗೆ ಬಂದರೆ ಅಪ್ಪನ ಕೂಡ ಕೂತು ರೊಟ್ಟಿ ಬಡಿಯುತ್ತಿದ್ದ. ಪಂಪಾವತಿಗೆ ಡ್ಯೂಟಿ ಇದ್ದ ದಿನ ಒಲೆಯ ಮುಂದಿನ ಕೆಲಸ ಅಪ್ಪ ಮಗನದ್ದೇ. ಆದರೆ ಮಿಲಿಟರಿಯ ಮಾತು ಬಂದರೆ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಒಂದು ಸಲ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಿದ್ದರು. “ಮಿಲಿಟ್ರಿ ಯಾಕ ಬಿಟ್ರಿ?” ಎಂದು ಅವರು ಕೇಳಿದ್ದೇ ತಡ, ಇವನು ಒಳಗೆ ಹೋಗಿ ಆ ಕಾಗದ ತಂದು ಅವರ ಚಹದ ಕಪ್ಪಿನ ಪಕ್ಕ ಇಟ್ಟ. “ಸುಳ್ಳು ಹೇಳಿ ಸೇರಿದ್ದೆ ಅಂತ ಬರ್ದಾರ್ರಿ. ಓದ್ರಿ.” ಅವರು ಓದಿದರು, ಚಹ ಮುಗಿಸಿದರು, ತಿಳಿಸುತ್ತೇವೆ ಎಂದರು.

“ಯಾಕಲೇ ಹಂಗ ಮಾಡಿದಿ?” ಎಂದು ಅಪ್ಪ ಪಂಪಣ್ಣ ರೇಗಿದ.

“ಆಮ್ಯಾಲ ಗೊತ್ತಾದ್ರ ಮತ್ತ ಮುಚ್ಚಿಟ್ಟಾನ ಅಂತಿದ್ರಪಾ. ಒಮ್ಮಿ ಅನಿಸ್ಕೊಂಡದ್ದ ಸಾಕು.”

ಪಂಪಾವತಿ ಅವತ್ತೇ ತೀರ್ಮಾನ ಮಾಡಿದಳು. ಒಂದು ಅಪೀಲು ಆಗಲೇ ಬಿದ್ದುಹೋಗಿತ್ತು. ಬೀಳಲಿ, ಇನ್ನೊಂದು ಹಾಕುವುದು. ಆ ಸಾಲು ಅಳಿಸಿ, ಗಾಯ ಆದದ್ದು ತರಬೇತಿಯಲ್ಲಿ ಎಂದು ಬರೆಸಿಕೊಳ್ಳುವುದು. ಬರೆದರೆ ನಿಂಗರಾಜ ಮಾಜಿ ಸೈನಿಕನಾಗುತ್ತಾನೆ, ಮಿಲಿಟರಿ ದವಾಖಾನೆಯ ಬಾಗಿಲು ತೆರೆಯುತ್ತದೆ, ನೌಕರಿಯಲ್ಲಿ ಮೀಸಲಾತಿ ಸಿಗುತ್ತದೆ. ಅದೆಲ್ಲ ಆಮೇಲಿನ ಮಾತು. ಮೊದಲು ಮಗ ಸುಳ್ಳುಗಾರ ಅಲ್ಲ ಎಂದಾಗಬೇಕು.

ಸಿಂಧನೂರಿನಲ್ಲಿ ಇಂಥ ಕಾಗದಪತ್ರ ನೋಡಿಕೊಡುವವರು ನಿವೃತ್ತ ಸುಬೇದಾರ್ ಸೂಗಪ್ಪನವರು. ಅವರು ಕನ್ನಡಕ ಏರಿಸಿ ಎಲ್ಲ ಓದಿ, ಮೀಸೆಯ ಮೇಲೆ ಕೈಯಾಡಿಸಿದರು.

“ತಂಗೀ, ನಮ್ಮ ಮಂದಿ ಭರ್ತಿಗೆ ಬರ್ತಾರ, ಮೈಮ್ಯಾಲ ಒಬ್ಬೊಬ್ಬರದು ಒಂದೊಂದು ನಕಾಶಿ. ಹೊಟ್ಟಿಮ್ಯಾಲ ಬರೆ, ಕೈಮ್ಯಾಲ ಬರೆ. ಯಾವುದು ಯಾತಕ್ಕ ಹಾಕಿದ್ದು ಅಂತ ಹಾಕಿಸ್ಕೊಂಡವರಿಗೇ ಗೊತ್ತಿಲ್ಲ, ಡಾಕ್ಟ್ರಿಗಿ ಹ್ಯಾಂಗ ಗೊತ್ತಾಗ್ಬೇಕು?”

“ನನಗ ಗೊತ್ತೈತಲ್ರಿ ಸಾಹೇಬ್ರ. ಎತ್ಕೊಂಡು ಹೋದಾಕಿ ನಾನ.”

“ನೀ ತಾಯಿ. ತಾಯಿ ಮಗನ ಪರವಾಗೇ ಹೇಳ್ತಾಳ ಅಂತಾರ. ಹಾಕಿದಾಕಿ ಅದಾಳೇನು?”

“ಅದಾಳ್ರಿ. ರಹೀಮಾಬೀ. ನನ್ನ ತವರುಮನಿ ಊರಾಗ.”

“ಆಕಿ ಹೇಳ್ಬೇಕು, ಇದು ಕಾಮಣಿಗಿ ಹಾಕಿದ್ದು, ಮೊಣಕಾಲಿಗಲ್ಲ ಅಂತ. ನೋಟರಿ ಮುಂದ ಸಹಿ ಮಾಡ್ಬೇಕು. ದೀಪಾವಳಿ ಆದ ಮ್ಯಾಲ ಬೋರ್ಡ್ ಕೂಡತೈತಿ, ಅಷ್ಟರಾಗ ಆಗ್ಬೇಕು.”

ವಾರದ ರಜೆ ಬಂದ ದಿನ ಪಂಪಾವತಿ ಪಾಮನಕಲ್ಲೂರಿಗೆ ಹೋದಳು. ರಹೀಮಾಬೀ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಹಲ್ಲು ಹೋಗಿದ್ದರೂ ಕಣ್ಣು ಚುರುಕಾಗಿದ್ದವು. ಪಂಪಾವತಿಯನ್ನು ಕಂಡು ಹಿಗ್ಗಿ, ಮೊಮ್ಮಗಳಿಗೆ ಚಹ ಇಡಲು ಹೇಳಿ, ತವರಿನ ಸುದ್ದಿ ಮನೆಮನೆಯದ್ದೂ ಒಪ್ಪಿಸಿದಳು. ಬರೆಯ ಮಾತು ಬಂದ ಕೂಡಲೇ ಮುಖ ಬಿಗಿಯಾಯಿತು.

“ನಾ ಯಾರಿಗೂ ಹಾಕಿಲ್ಲವ್ವ.”

“ದೊಡ್ಡವ್ವ, ನನ್ನ ಮಗನಿಗೆ ನನ್ನ ತೊಡಿಮ್ಯಾಲನ ಹಾಕೀದಿ. ಅರಿಶಿಣ ಕೊಂಬು ದೀಪಕ್ಕ ಹಿಡದು.”

“ಹಾಕಿದ್ರ ಹಾಕಿರ್ಬೇಕು, ನನಗ ನೆಪ್ಪಿಲ್ಲ. ದವಾಖಾನಿ ನರ್ಸಬಾಯಿ ಬಂದು ಹೇಳ್ಯಾಳ, ಕೂಸುಗಳಿಗೆ ಬರೆ ಹಾಕಿದವರನ್ನ ಪೊಲೀಸ್ನೋರು ಒಯ್ತಾರ ಅಂತ. ಅವತ್ತಿನಿಂದ ಬಿಟ್ಟೀನಿ. ಕಾಮಣಿ ಅಂತ ಯಾರರ ಬಂದ್ರ ಮಸ್ಕಿ ದವಾಖಾನಿಗಿ ಒಯ್ರಿ ಅಂತೀನಿ. ಈಗ ಸಹಿ ಮಾಡು ಅಂತೀದಿ. ನಾಳಿ ಜೀಪು ಬಂದ್ರ ನನ್ನ ಬದಲಿ ನೀ ಹತ್ತತೀಯೇನು?”

ಪಂಪಾವತಿ ಚಹ ಕುಡಿದು, ಮುದುಕಿ ಕಟ್ಟಿಕೊಟ್ಟ ಹುಣಸೆಹಣ್ಣು ಹಿಡಿದು ವಾಪಸು ಬಂದಳು.

ಸೂಗಪ್ಪನವರು ಒಂದು ಉಪಾಯ ಹೇಳಿದರು. “ಮತ್ತೊಮ್ಮೆ ಹೋಗು, ಮಾತಿಗೆ ಎಳಿ. ಮೊಬೈಲು ಸೆರಗಿನ್ಯಾಗ ಇಟ್ಕೊಂಡು ರೆಕಾರ್ಡ್ ಮಾಡ್ಕೊಂಡು ಬಾ.”

“ಅದು ಬ್ಯಾಡ್ರಿ ಸಾಹೇಬ್ರ. ಮಗ ಸುಳ್ಳುಗಾರಲ್ಲ ಅಂತ ತೋರಸಾಕ ತಾಯಿ ಕಳ್ಳಿ ಆಗ್ಬೇಕೇನ್ರಿ?”

ಸೂಗಪ್ಪನವರು, “ಹಂಗಾರ ಮಂದಿ ಹುಡುಕು,” ಎಂದರು. “ಇದೇ ಜಾಗಾದಾಗ ಇದೇ ಬರೆ ಇದ್ದು, ಕಾಮಣಿಗೇ ಹಾಕಿಸ್ಕೊಂಡು, ಮೊಣಕಾಲು ನೆಟ್ಟಗಿರೋ ಮಂದಿ. ಅವರ ತಾಯಂದಿರ ಮಾತು. ಹತ್ತಾರು ತಾಯಂದಿರು ಒಂದೇ ಮಾತು ಹೇಳಿದ್ರ ಬೋರ್ಡಿನವರಿಗೂ ಕಿವಿ ಅದಾವ.”

ಮಂದಿ ಹುಡುಕುವ ಕೆಲಸ ಕಂಡಕ್ಟರಿಗೆ ಯಾರೂ ಕಲಿಸಬೇಕಿಲ್ಲ. ಪಾಮನಕಲ್ಲೂರು, ಅದರ ಸುತ್ತಿನ ಹಳ್ಳಿಗಳ ಜನ ಏನೇ ಇದ್ದರೂ ಮಸ್ಕಿಗೆ ಬಂದು ಇವಳ ಬಸ್ಸೇ ಹತ್ತಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ತಾಯಂದಿರಿಗೆ ಮಗಳ ಮನೆ, ಸಂತೆ, ದವಾಖಾನೆ ಎಂದು ತಿರುಗಾಟವೇ ತಿರುಗಾಟ. ಪಂಪಾವತಿ ಅವರ ಕೈಗೆ ಸೊನ್ನೆ ಟಿಕೆಟ್ ಕೊಡುತ್ತಲೇ ಕೇಳುವಳು, “ಯವ್ವಾ, ನಿಮ್ಮ ಮಕ್ಕಳಿಗೆ ರಹೀಮಾಬೀ ಕಡಿಂದ ಬರೆ ಹಾಕಿಸಿದ್ರೇನು?” ಒಬ್ಬಳು ಹೂಂ ಎಂದರೆ ಪಕ್ಕದ ಸೀಟಿನವಳಿಗೂ ನೆನಪಾಗುತ್ತಿತ್ತು. ಯಾರ ಕೂಸು ಎಷ್ಟು ಹಳದಿಯಾಗಿತ್ತು, ಯಾರ ಅತ್ತೆ ಬೇಡ ಅಂದಳು, ಯಾರ ಗಂಡ ಕೂಸಿನ ಅಳು ಕೇಳಲಾರದೆ ಓಡಿಹೋದ, ಎಲ್ಲ ಹೊರಗೆ ಬರುತ್ತಿತ್ತು. ಬಸ್ಸು ಕಾಲುವೆಯ ಭತ್ತದ ಗದ್ದೆ ದಾಟಿ ತೊಗರಿ ಹತ್ತಿಯ ಒಣಭೂಮಿ ಹಿಡಿಯುವಷ್ಟರಲ್ಲಿ ಒಳಗೆ ಒಂದು ಸಣ್ಣ ಸಭೆಯೇ ಆಗಿರುತ್ತಿತ್ತು.

ಗಂಡಸರಿಗೆ ಮಾತ್ರ ನಾಚಿಕೆ. ಅವರನ್ನು ಪ್ಯಾಂಟು ಏರಿಸಲು ಒಪ್ಪಿಸುವ ಕೆಲಸ ಕರೀಂಸಾಬನದು. “ಏ ಮಾವಾ, ಹೆಣ್ಣು ನೋಡಾಕ ಹೋದಾಗ ತಲಿ ತೋರಿಸೀದಿ, ಹಲ್ಲು ತೋರಿಸೀದಿ. ಕಾಲು ತೋರಿಸಾಕೇನು ದಾಡಿ?”

“ನಿನ್ನವು ತೋರ್ಸೋ ಮೊದಲ!” ಎಂದು ಯಾರಾದರೂ ತಿರುಗಿಸಿದರೆ, “ನಾ ಬ್ರೇಕ್ ಮ್ಯಾಲ ಕಾಲಿಟ್ಟೀನಿ ಮಾರಾಯ, ಎತ್ತಿದ್ರ ಎಲ್ರೂ ಒಟ್ಟಿಗೆ ಹಳ್ಳಕ್ಕ ಹೋಗೂಣು,” ಎಂದು ಜಾರಿಕೊಳ್ಳುತ್ತಿದ್ದ.

ಹೀಗೆ ಫೋಟೊಗಳು ಕೂಡಿದವು. ಗುರುಗುಂಟಾದ ಶಿವಕಾಂತ ಎಂಬ ಹುಡುಗ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದ್ದ. ಬಾಗಿಲಲ್ಲಿ ಗದ್ದಲ, ಮೇಲೆ ಹತ್ತುವವರ ನೂಕಾಟ. ಚಡ್ಡಿ ಹಾಕಿಕೊಂಡಿದ್ದ ಅವನ ಮೊಣಕಾಲಿನ ಮೇಲೆ ಬರೆ ಎದ್ದು ಕಾಣುತ್ತಿದ್ದವು. ಪಂಪಾವತಿ ಕಾಲು ತೋರಿಸು ಎಂದಳು, ಅವನು ಚಾಚಿದ, ಇವಳು ಫೋಟೊ ಹಿಡಿದಳು. ಎಲ್ಲಕ್ಕಿಂತ ಸ್ವಚ್ಛ ಬಂದದ್ದು ಅದೇ. ಫೋಟೊಗಳನ್ನು ಪ್ರಿಂಟ್ ಹಾಕಿಸಿ ಲಕೋಟೆಗೆ ಹಾಕುವಾಗ ಅದನ್ನೇ ಎಲ್ಲದರ ಮೇಲಿಟ್ಟಳು. ಲಿಂಗಸುಗೂರಿನ ಸ್ಟ್ಯಾಂಡಿನಲ್ಲಿ ಚಹ ಕುಡಿಯುತ್ತ ಕರೀಂಸಾಬನಿಗೆ ತೋರಿಸಿದಳು ಕೂಡ. ಅವನು ಆ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಏನೂ ಹೇಳದೆ ವಾಪಸು ಕೊಟ್ಟ. ಸದಾ ಬಾಯಿ ನಡೆಸುವವನು ಸುಮ್ಮನಾದನಲ್ಲ ಎಂದು ಅವಳಿಗೆ ಅನ್ನಿಸಿತು, ಅಷ್ಟರಲ್ಲಿ ಬಸ್ಸು ಬಿಡುವ ಹೊತ್ತಾಗಿತ್ತು.

ಎರಡು ದಿನ ಕಳೆದು ಮಸ್ಕಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಕೋಲೂರಿಕೊಂಡು ಹತ್ತಿದವಳು ರಹೀಮಾಬೀ. ಎಲ್ಲೂ ನೋಡದೆ ನೇರ ಬಂದು ಕಂಡಕ್ಟರಿನ ಸೀಟಿನ ಮೇಲೆ ಕೂತಳು.

“ನನ್ನ ಕೈಕೆಲಸ ನೀ ಊರೂರಿಗೆ ಫೋಟೋ ಹಿಡ್ಕೊಂತ ಹೊಂಟೀಯಂತ ಪಂಪಿ?”

ಪಂಪಾವತಿ ಎದುರು ಬಂದು ನಿಂತಳು. “ದೊಡ್ಡವ್ವ, ನಿನ್ನ ಹೆಸರು ಎಲ್ಲೂ ಬರ್ದಿಲ್ಲ, ಆಣಿ ಮಾಡ್ತೀನಿ…”

“ತಗಿ ಫೋಟೋ.”

ಲಕೋಟೆ ಮುದುಕಿಯ ಮಡಿಲಿಗೆ ಹೋಯಿತು. ಅವಳು ಒಂದೊಂದೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮುಖ ಕಾಣದ ಬರಿಯ ಕಾಲುಗಳವು. “ಇಂವ ಕುಂಬಾರ ಓಣಿಯಾಂವ. ಹಾಕುವಾಗ ನನ್ನ ಕೈ ಕಚ್ಚಿದ್ದ. ಇದು ಯಾರದು… ಹಾಂ, ಅವಳಿ ಪೈಕಿ ದೊಡ್ಡಾಂವ. ಇದು ನಂದ. ಇದೂ ನಂದ.” ಮುಖದಲ್ಲಿ ಸಣ್ಣಗೆ ಬಿಗುಮಾನ ಏರುತ್ತಿತ್ತು. ಮೇಲಿಟ್ಟಿದ್ದ ಫೋಟೊ ಮಾತ್ರ ಅವಳು ಮೊದಲೇ ತೆಗೆದು ಬೇರೆ ಹಿಡಿದಿದ್ದಳು. ಅದನ್ನೀಗ ಪಂಪಾವತಿಯ ಮುಂದೆ ಒಡ್ಡಿದಳು.

“ಇದನ್ನೂ ನಂದು ಅಂತ ಕೊಡಾಕ ಹೊಂಟೀದೇನು?”

“ಹೌದು… ಗುರುಗುಂಟಾದ ಹುಡುಗಂದು. ಛಲೋ ಬಂದೈತಿ ಅಂತ…”

“ಛಲೋ?” ಮುದುಕಿಯ ಕೋಲು ಬಸ್ಸಿನ ತಗಡಿಗೆ ಬಡಿಯಿತು. “ಕಣ್ಣು ಅದಾವೋ ಇಲ್ಲೋ ನಿನಗ? ಚಿಪ್ಪಿನ ಸುತ್ತ ನಾಕು ಗೀರು ಎಳದಾನ ಸುಡಗಾಡಿನಾಂವ, ದನಕ್ಕ ಎಳದಂಗ! ನಾ ಗೀರು ಎಳಿಯಾಕಿ ಏನು? ನಾ ಬೊಟ್ಟು ಇಡಾಕಿ. ಮೂರು ಬೊಟ್ಟು, ಎಡಗಾಲು, ಚಿಪ್ಪಿನ ತಳಗ. ಇದು ಕಾಮಣಿದಲ್ಲ, ಮೊಣಕಾಲು ಬಾತದ್ದಕ್ಕ ಹಾಕಿದ್ದು. ಕೀಲು ಎಲುಬಿಗೆ ನಾ ಯಾವತ್ತೂ ಕೈ ಹಚ್ಚಿಲ್ಲ. ಹಾಕೂದಿಲ್ಲ ಅಂತ ಬಿಟ್ಟೀನಿ ಹೌದು. ಹಂಗಂತ ಇಂಥಾ ಹೊಲಸು ಕೆಲಸ ನನ್ನ ಹೆಸರಿಗಿ ಬರ್ಕೊಂತೀಯೇನು?”

ಪಂಪಾವತಿ ಅಲ್ಲೇ ಫೋನು ತೆಗೆದು ಶಿವಕಾಂತನಿಗೆ ಹಚ್ಚಿದಳು. “ತಮ್ಮಾ, ನಿನಗ ಆ ಬರೆ ಯಾತಕ್ಕ ಹಾಕಿದ್ರು?”

“ಗಿಡದ ಮ್ಯಾಲಿಂದ ಬಿದ್ದು ಮೊಣಕಾಲು ಬಾತಿತ್ರಿ ಅಕ್ಕಾರ.”

“ಅವತ್ತ ಯಾಕ ಹೇಳ್ಲಿಲ್ಲೋ?”

“ನೀವು ಕಾಲು ತೋರ್ಸು ಅಂದ್ರಿ, ತೋರಿಸಿದೆ. ಯಾತಕ್ಕ ಅಂತ ಎಲ್ಲಿ ಕೇಳಿದ್ರಿ?”

ಪಂಪಾವತಿ ಫೋನು ಇಟ್ಟಳು. ಎಲ್ಲರಿಗೂ ತಪ್ಪದೆ ಕೇಳಿದ ಪ್ರಶ್ನೆಯನ್ನು ಆ ಗದ್ದಲದಲ್ಲಿ ಅವನೊಬ್ಬನಿಗೆ ಕೇಳಿರಲಿಲ್ಲ, ಬರೆ ಸ್ವಚ್ಛ ಕಂಡದ್ದೇ ಸಾಕೆಂದು ಬೊಟ್ಟೋ ಗೀರೋ ಎಣಿಸಿಯೂ ಇರಲಿಲ್ಲ. ಮೊಣಕಾಲಿನ ನೋವಿಗೆಂದೇ ಹಾಕಿದ ಬರೆಯನ್ನು ತಾನೇ ಕೈಯಾರೆ ಎಲ್ಲದರ ಮೇಲಿಟ್ಟು ಬೋರ್ಡಿಗೆ ಕಳಿಸಲು ಹೊರಟಿದ್ದಳು. ಅವರೊಮ್ಮೆ ವಿಚಾರಿಸಿದ್ದರೆ ಮಗನ ಮೇಲಿನ ಮಾತಿಗೆ ತಾಯಿಯೇ ಸಾಕ್ಷಿ ಒದಗಿಸಿದ ಹಾಗಾಗುತ್ತಿತ್ತು.

“ತಗದುಬಿಡ್ತೀನಿ ದೊಡ್ಡವ್ವ, ಹರಿದು ಹಾಕ್ತೀನಿ.”

“ಯಾಕ ಹರೀತೀದಿ? ಅದೂ ಇರ್ಲಿ. ಇದು ರಹೀಮಾಬೀದಲ್ಲ, ಇದು ಕೀಲಿಂದು, ಅವು ಕಾಮಣಿವು ಅಂತ ಎರಡೂ ಮಗ್ಗಲಕ್ಕ ಇಟ್ಟು ಬರೀರಿ. ನೋಡಿದವರಿಗೆ ತಿಳೀಲಿ. ಎಲ್ಲೈತಿ ಸಹಿ ಮಾಡೂದು? ಹೆಬ್ಬೆಟ್ಟು ಆದೀತಲ್ಲ?”

“ಪೊಲೀಸ್ನೋರು ಬಂದ್ರ ಅಂತಿದ್ದಿ?”

“ಬಿಟ್ಟೀನಿ ಅಂತನೂ ಬರಸು. ಈಗ ಕೂಸುಗಳನ್ನ ದವಾಖಾನಿಗೇ ಕಳಸ್ತೀನಿ ಅಂತ. ಅದು ಖರೇನ ಐತಿ. ಆಮ್ಯಾಲೂ ಬಂದ್ರ ಬರ್ಲಿ, ಆ ಗುರುಗುಂಟಾದಾಂವನ್ನ ಮೊದಲ ಹಿಡೀರಿ ಅಂತೀನಿ.” ಆಮೇಲೆ ಕೋಲಿನಿಂದ ಡ್ರೈವರ್ ಸೀಟಿನ ಕಡೆ ತೋರಿಸಿದಳು. “ಊರ ಕಾಲೆಲ್ಲ ನೋಡೀದಿ. ದಿನಾ ನಿನ್ನ ಮುಂದ ಕೂತು ಬಸ್ಸು ಹೊಡಿತಾನಲ್ಲ ನನ್ನಣ್ಣನ ಮಗ, ಅವನ ಕಾಲು ನೋಡೀಯೇನು?”

ಕರೀಂಸಾಬ್ ಸೀಟಿನಲ್ಲೇ ಇಷ್ಟು ಸಣ್ಣವನಾಗಿ ಕೂತ. ಇಡೀ ಬಸ್ಸು ಒಂದೇ ದನಿಯಲ್ಲಿ ಕೂಗಿತು, “ಏರಿಸಪಾ ಏರಿಸು! ನಾಚಬ್ಯಾಡ!”

ಬಸ್ಸು ಇನ್ನೂ ಬಿಟ್ಟಿರಲಿಲ್ಲ, ಹಾಗಾಗಿ ಬ್ರೇಕಿನ ನೆಪ ಹೇಳಲು ಬರಲಿಲ್ಲ. ಖಾಕಿ ಪ್ಯಾಂಟು ಮೇಲೇರಿತು. ಎಡಗಾಲು, ಚಿಪ್ಪಿನ ಕೆಳಗೆ, ಮೂರು ಬೊಟ್ಟು.

“ಕರೀಂಭಾಯ್!” ಪಂಪಾವತಿಗೆ ಸಿಟ್ಟು ಮಾಡುವುದೋ ನಗುವುದೋ ತಿಳಿಯಲಿಲ್ಲ. “ಇಷ್ಟು ದಿನ ಮುಚ್ಕೊಂಡು ಕೂತಿದ್ದೇನು?”

“ಏನ್ಮಾಡ್ಲಿ ಅಕ್ಕಾ, ನಮ್ಮತ್ತಿ ಮಾತು ತಗೊಂಡಿದ್ಲು, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ. ಬಿಡಲಿಲ್ಲ. ಆದ್ರ ಆ ಗುರುಗುಂಟಾದ ಫೋಟೋ ನೋಡಿ ತಡಕೊಳ್ಳಾಕ ಆಗ್ಲಿಲ್ಲ. ಹೋಗಿ ಹೇಳಿದೆ: ಅತ್ತಿ, ನಿನ್ನ ಕೈ ಹಿಂಗಾತಂತ ಮಂದಿ ತಿಳ್ಕೊಂತಾರ ಅಂತ. ಅವತ್ತು ರಾತ್ರಿ ಊಟಾನ ಮಾಡಿಲ್ಲ ಈಕಿ.”

ಎಡಗಾಲು ಕ್ಲಚ್ಚಿನ ಕಾಲು. ಹದಿನೆಂಟು ವರ್ಷದಿಂದ ಬಸ್ಸು ಹೊಡೆಯುವವನ ಆ ಕಾಲನ್ನು ಇಲಾಖೆಯ ಡಾಕ್ಟರು ಎಷ್ಟು ಸಲ ಪಾಸು ಮಾಡಿದ್ದಾರೋ. ಸೂಗಪ್ಪನವರಿಗೆ ಇದನ್ನು ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿ‌ಟ್ಟರು. ಲಿಂಗಸುಗೂರಿನ ನೋಟರಿಯ ಮುಂದೆ ರಹೀಮಾಬೀ ಹೆಬ್ಬೆಟ್ಟು ಒತ್ತಿದಳು, ತಾಯಂದಿರು ಒತ್ತಿದರು, ಕರೀಂಸಾಬ್ ಇಂಗ್ಲಿಷಿನಲ್ಲಿ ಸಹಿ ಮಾಡಿ ಎಲ್ಲರತ್ತ ಒಮ್ಮೆ ನೋಡಿದ. ಮೂರು ಬೊಟ್ಟಿನ ಕಾಲುಗಳು ಒಂದು ಕಡೆ, ನಾಲ್ಕು ಗೀರಿನ ಕಾಲು ಇನ್ನೊಂದು ಕಡೆ, ನಡುವೆ ನಿಂಗರಾಜನ ಕಾಲು. ನೋಡಿದವರು ಬೇರೇನೂ ಓದಬೇಕಾಗಿರಲಿಲ್ಲ.

ಬೋರ್ಡಿನ ಮುಂದೆ ನಿಂಗರಾಜ ಸೂಗಪ್ಪನವರ ಜೊತೆ ಹೋದ. ಪಂಪಾವತಿಗೆ ರಜೆ ಸಿಗಲಿಲ್ಲ. ಮಧ್ಯಾಹ್ನ ಲಿಂಗಸುಗೂರಿನಲ್ಲಿ ಬಸ್ಸು ನಿಂತಾಗ ಫೋನು ಬಂತು.

“ಏನಂದ್ರೋ?”

“ಈಗ ಹೇಳೂದಿಲ್ಲಂತಬೇ, ಆಮ್ಯಾಲ ಕಾಗದ ಬರತೈತಂತ. ಒಬ್ಬ ಡಾಕ್ಟರಮ್ಮ ಇದ್ಲು, ಫೋಟೋ ಎಲ್ಲ ಟೇಬಲ್ ಮ್ಯಾಲ ಹರವಿ ಬಾಳ ಹೊತ್ತು ನೋಡಿದ್ಲು. ಹುಡುಗಾಟ ಅಂದ್ಕೊಂಡಾಳೇನೋ ಅಂತ ಅಂಜಿದ್ದೆ. ನಗಲಿಲ್ಲ. ಈ ಅಜ್ಜಿ ಇನ್ನೂ ಬರೆ ಹಾಕ್ತಾಳೇನು ಅಂತ ಕೇಳಿದ್ಲು. ಇಲ್ರಿ ಅಂದೆ. ಛಲೋ ಆತು ಅಂದ್ಲು. ಆಮ್ಯಾಲ ಮೊಣಕಾಲು ಒತ್ತಿ ನೋಡಿ, ಇದಕ್ಕ ಇನ್ನೊಂದು ಆಪರೇಷನ್ ಆಗ್ಬೇಕಿತ್ತು ಅಂದ್ಲು.”

“ಉಂಡೀಯಿಲ್ಲ?”

“ಉಂಡೀನಿ. ಸಾಹೇಬ್ರು ಬಿರಿಯಾನಿ ತಿನಿಸ್ಯಾರ.”

ಕಾಗದ ಬರುವಷ್ಟರಲ್ಲಿ ಯುಗಾದಿ ಕಳೆದಿತ್ತು. ಗಿರಣಿಯಲ್ಲಿ ಎರಡನೇ ಬೆಳೆಯ ಭತ್ತ ಬರತೊಡಗಿ ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದ್ದವು. ನಿಂಗರಾಜ ಕಾಗದವನ್ನು ಒಡೆಯದೆ ಸೂಗಪ್ಪನವರ ಹತ್ತಿರ ಒಯ್ದ. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಕನ್ನಡದಲ್ಲಿ ನಿಧಾನವಾಗಿ ಹೇಳಿದರು. ಮುಚ್ಚಿಟ್ಟದ್ದು ಎಂಬ ಮಾತನ್ನು ತೆಗೆದುಹಾಕಲಾಗಿದೆ. ಮೊಣಕಾಲಿನ ಗಾಯ ತರಬೇತಿಯ ಕರ್ತವ್ಯದಲ್ಲಿ ಆದದ್ದು, ಸೇವೆಯ ಕಾರಣದಿಂದ ಆದದ್ದು. ಬಿಡುಗಡೆಯ ಪತ್ರ ಅದರಂತೆ ತಿದ್ದಿ ಹೊಸದಾಗಿ ಬರುತ್ತದೆ. ಹೇಳಿ ಮುಗಿಸಿ ಅವರು ಎದ್ದು ನಿಂತು ಕೈ ಮುಂದೆ ಚಾಚಿದರು. ನಿಂಗರಾಜ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲವಂತೆ. ಇದನ್ನು ಸೂಗಪ್ಪನವರೇ ಆಮೇಲೆ ಪಂಪಾವತಿಗೆ ಹೇಳಿದರು. ಮಗ ಮನೆಗೆ ಬಂದು ಹೇಳಿದ್ದು ಇಷ್ಟೇ, “ಅವ್ವಾ, ಅಳಿಸ್ಯಾರ.”

ಮುಂದಿನ ರಜೆಗೆ ತಾಯಿ ಮಗ ಪೇಡೆ ತೆಗೆದುಕೊಂಡು ಪಾಮನಕಲ್ಲೂರಿಗೆ ಹೋದರು. ಕರೀಂಸಾಬ್ ತಾನೂ ರಜೆ ಹಾಕಿ ಮುಂಚೆಯೇ ಅಲ್ಲಿ ಬಂದು ಕೂತಿದ್ದ. ರಹೀಮಾಬೀ ಪೇಡೆಯನ್ನು ಒಸಡಿನಲ್ಲೇ ಕರಗಿಸುತ್ತ ನಿಂಗರಾಜನ ಮೊಣಕಾಲು ಮುಟ್ಟಿ ಮುಟ್ಟಿ ನೋಡಿದಳು.

“ಇನ್ನ ಮಿಲಿಟ್ರಿ ದವಾಖಾನಿಗಿ ಹೋಗಿ ಇದನ್ನ ಛಂದಂಗ ಮಾಡಿಸ್ಕೋ ಬೇಟಾ. ನನಗ ಇದರಾಗ ಏನೂ ತಿಳಿಯೂದಿಲ್ಲ. ಅದಿರ್ಲಿ, ನೀ ಬಿದ್ದದ್ದರ ಹ್ಯಾಂಗ? ಹೆಬ್ಬೆಟ್ಟು ಒತ್ತಿದಾಕಿ ನಾ, ನನಗ ಗೊತ್ತಿರಬೇಕಲ್ಲ.”

ಪಂಪಾವತಿ ಮಗನ ಮುಖ ನೋಡಿದಳು. ಎದ್ದು ಹೋಗುತ್ತಾನೇನೋ ಎಂದುಕೊಂಡಳು. ನಿಂಗರಾಜ ಎದ್ದ, ಆದರೆ ಹೊರಗೆ ಹೋಗಲಿಲ್ಲ. ಅಂಗಳದ ಧೂಳಿನಲ್ಲಿ ರಹೀಮಾಬೀಯ ಕೋಲಿನಿಂದ ಎರಡು ಗೆರೆ ಎಳೆದ.

“ಇದು ಹಳ್ಳ ಅಂತ ತಿಳ್ಕೋರಿ ಆಯಿ. ಒಂಬತ್ತಡಿ. ಬೆನ್ನಮ್ಯಾಲ ಇಷ್ಟು ದೊಡ್ಡ ಚೀಲ, ಕೈಯಾಗ ಬಂದೂಕು. ಮೊದಲನೇ ಸಲ ಹಾರಿದೆ, ಆಚಿ ದಂಡಿಗೆ ಕಾಲು ಮುಟ್ಟಿತು, ಜಾರಿತು, ಕಟ್ ಅಂತು.”

“ಅಯ್ಯ ಅಲ್ಲಾ!”

“ಅಂದ್ರೂ ಎದ್ದೆ. ತರಬೇತಿ ಕೊಡೋ ಉಸ್ತಾದ ನೋಡಾಕತ್ತಿದ್ದ. ಇನ್ನೊಮ್ಮೆ ಹಾರ್ತೀನಿ ಅಂದೆ.”

“ಯಾಕಲೇ? ಹುಚ್ಚೇನು?” ಎಂದ ಕರೀಂಸಾಬ್.

“ಅಲ್ಲಿದ್ರ ನೀನೂ ಹಾರ್ತಿದ್ದಿ ಮಾಮಾ. ಬಿದ್ದೆ ಅಂತ ಅಲ್ಲಿ ಯಾರೂ ಕೂಡೂದಿಲ್ಲ. ಎರಡನೇ ಸಲ ದಾಟಿದೆ. ದಾಟಿ ಬಿದ್ದೆ.”

ಎರಡನೇ ಸಲದ ಮಾತು ಪಂಪಾವತಿ ಇವತ್ತೇ ಮೊದಲು ಕೇಳಿದ್ದು. ಅಷ್ಟರಲ್ಲಿ ಗೋಡೆಯಾಚೆಯಿಂದ ಇಬ್ಬರು ಹೆಂಗಸರು ಇಣುಕಿದರು, ಬಾಗಿಲಲ್ಲಿ ಇನ್ನಿಬ್ಬರು ಬಂದು ನಿಂತರು. ಮಿಲಿಟ್ರಿಯಾಂವ ಹಳ್ಳ ಹಾರಿದ ಕತಿ ಹೇಳಾಕತ್ಯಾನ ಎಂದು ಯಾರೋ ಯಾರಿಗೋ ಕೂಗಿದರು. ಹೊಸಬರಿಗಾಗಿ ನಿಂಗರಾಜ ಮೊದಲಿನಿಂದ ಶುರುಮಾಡಿದ. ಈ ಸಲ ಉಸ್ತಾದನಿಗೆ ದೊಡ್ಡ ಮೀಸೆ ಬಂದಿತ್ತು, ಹಳ್ಳದಲ್ಲಿ ಕೆಸರು ತುಂಬಿತ್ತು, ಅದು ಹತ್ತಡಿಯಾಗಿತ್ತು. ಹೊಲದಿಂದ ಬಂದ ಗಂಡಸರಿಗೆ ಮತ್ತೊಮ್ಮೆ ಹೇಳುವಾಗ ಅಂಗಳದ ಗೆರೆಗಳನ್ನು ಅಳಿಸಿ ಇನ್ನಷ್ಟು ದೂರ ಎಳೆದ, “ಹನ್ನೆರಡಡಿ!” ಎಂದ.

ರಹೀಮಾಬೀ ಪಂಪಾವತಿಯ ಕಡೆ ಓರೆಗಣ್ಣಿನಿಂದ ನೋಡಿದಳು. ಪಂಪಾವತಿ ಪೇಡೆಯ ಡಬ್ಬಿ ಹಿಡಿದು ಬಂದವರಿಗೆಲ್ಲ ಹಂಚುತ್ತ ಹೋದಳು, ಹಳ್ಳದ ಅಳತೆಯ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.